ಹೋಮ್ ಪೇಜ್ ಸರಿಯಾಗಿ ಬರತ್ತೆ, ಒಳಗಿನ ಪೇಜ್ ರಿಫ್ರೆಶ್ ಮಾಡಿದ್ರೆ ಮಾತ್ರ ಬಿಳಿ ಸ್ಕ್ರೀನ್, ಯಾಕೆ?

ನಿಮ್ಮ ಪ್ರಶ್ನೆ ನಂಗೆ ಅರ್ಥ ಆಗಿದ್ದು ಹೀಗೆ. ರಿಯಾಕ್ಟ್ (ಪೇಜ್ ಕಟ್ಟೋ ಜಾವಾಸ್ಕ್ರಿಪ್ಟ್ ಲೈಬ್ರರಿ), ವೀಟ್ (ಕೋಡ್ ಬಿಲ್ಡ್ ಮಾಡೋ ಟೂಲ್), ರಿಯಾಕ್ಟ್ ರೌಟರ್ (ಯಾವ ಅಡ್ರೆಸ್ಸಿಗೆ ಯಾವ ಪೇಜ್ ಅಂತ ನೋಡ್ಕೊಳ್ಳೋದು) ಹಾಕ್ಕೊಂಡು ಮಾಡಿರೋ ಆ್ಯಪ್‌ನ ಎಂಜಿನ್‌ಎಕ್ಸ್ ಸರ್ವರಲ್ಲಿ /ಸ್ಟೋರ್/ ಅನ್ನೋ ಸಬ್‌ಫೋಲ್ಡರ್ ಕೆಳಗೆ ಇಟ್ಟಿದೀರ. ಹೋಮ್ ಓಕೆ, /ಸ್ಟೋರ್/ಪ್ರಾಡಕ್ಟ್ಸ್ ರಿಫ್ರೆಶ್ ಮಾಡಿದ್ರೂ ಓಕೆ, ಆದ್ರೆ /ಸ್ಟೋರ್/ಪ್ರಾಡಕ್ಟ್ಸ್/12 ರಿಫ್ರೆಶ್ ಮಾಡಿದ ತಕ್ಷಣ ಎಲ್ಲ ಬಿಳಿ. ಅದೇ ಪೇಜಿಗೆ ಲಿಂಕ್ ಕ್ಲಿಕ್ ಮಾಡ್ಕೊಂಡು ಹೋದ್ರೆ ತೆರ್ಕೊಳ್ಳತ್ತೆ, ಆದ್ರೆ ಫೋಟೋ ಕಾಣಲ್ಲ, ಸಿಎಸ್‌ಎಸ್ ಒಳಗಿನ ಬ್ಯಾಕ್‌ಗ್ರೌಂಡ್ ಚಿತ್ರ ಮಾತ್ರ ಬರತ್ತೆ. ಜೊತೆಗೆ ಎಡಿಟ್ ಪೇಜಲ್ಲಿ '..' ಅಂತ ಬರ್ದಿರೋ ಬ್ಯಾಕ್ ಲಿಂಕ್ ಸೀದಾ ಹೋಮಿಗೆ ಹಾರ್ತಿದೆ. ವೀಟ್ ಕಾನ್ಫಿಗಲ್ಲಿ ಬೇಸ್ (ಬಿಲ್ಡ್ ಆದ ಫೈಲ್‌ಗಳ ಪಾತ್ ಮುಂದೆ ವೀಟ್ ಸೇರಿಸೋ ಭಾಗ) './' ಅಂತ ಇದೆ. (ಪಾತ್‌ಗಳನ್ನ ಕನ್ನಡದಲ್ಲೇ ಟೈಪ್ ಮಾಡ್ತಿದೀನಿ, ನಿಮ್ಮ ಕೋಡಲ್ಲಿ ಹೇಗಿದ್ಯೋ ಹಾಗೆ ಓದ್ಕೊಳ್ಳಿ.)

ಆ './' ಇದ್ಯಲ್ಲ, ಮುಖ್ಯ ತಲೆನೋವು ಅಲ್ಲೇ ಇರೋದು. ಸಬ್‌ಫೋಲ್ಡರಿಗೆ ಹಾಕೋರಿಗೆ ಎಲ್ಲರೂ ಮೊದ್ಲು ಹೇಳೋದು ಇದನ್ನೇ, ಒಂದೇ ಪೇಜ್ ಇರೋ ಸೈಟಿಗೆ ಸರಿ ಕೂಡ, ಆದ್ರೆ ರೌಟಿಂಗ್ ಇರೋ ಆ್ಯಪಿಗೆ ಬೇಡ.

ಯಾಕೆ ಅಂದ್ರೆ, ಎಚ್‌ಟಿಎಂಎಲ್ ಒಳಗಿನ ರಿಲೇಟಿವ್ ಲಿಂಕ್ (ಸ್ಲ್ಯಾಶಿಂದ ಶುರುವಾಗದೆ './' ಥರ ಅರ್ಧ ಪಾತ್ ಇರೋದು) ಎಲ್ಲಿಗೆ ಹೋಗ್ಬೇಕು ಅಂತ ಬ್ರೌಸರ್ ಲೆಕ್ಕ ಹಾಕೋದು ಅಡ್ರೆಸ್ ಬಾರಲ್ಲಿರೋ ಯುಆರ್‌ಎಲ್ ನೋಡ್ಕೊಂಡು. ನಿಮ್ಮ ಫೋಲ್ಡರಲ್ಲಿ ಯಾವ ಫೈಲ್ ಎಲ್ಲಿದೆ ಅಂತ ಅದಕ್ಕೆ ಗೊತ್ತೂ ಇಲ್ಲ, ಬೇಕಾಗೂ ಇಲ್ಲ. ನಿಯಮ ತುಂಬಾ ಹಳೇದು, 2005ರ ಆರ್‌ಎಫ್‌ಸಿ 3986 ಅನ್ನೋ ಇಂಟರ್ನೆಟ್ ನಿಯಮದ ದಾಖಲೆಲಿ ಬರ್ದಿಟ್ಟಿದಾರೆ: ಈಗಿರೋ ಪಾತಲ್ಲಿ ಕೊನೇ ಸ್ಲ್ಯಾಶ್ ಆದ್ಮೇಲೆ ಏನಿದ್ಯೋ ಅದನ್ನ ಕಿತ್ತಾಕು, ಉಳಿದಿದ್ದಕ್ಕೆ ರಿಲೇಟಿವ್ ಪಾತ್ ಅಂಟಿಸು. ಈಗ ನಿಮ್ಮ ಕೇಸ್ ಹಾಕಿ ನೋಡಿ. /ಸ್ಟೋರ್/ಪ್ರಾಡಕ್ಟ್ಸ್ ಅಲ್ಲಿ ಇದ್ದಾಗ 'ಪ್ರಾಡಕ್ಟ್ಸ್' ಹೋಗತ್ತೆ, /ಸ್ಟೋರ್/ ಉಳಿಯತ್ತೆ, ./ಅಸೆಟ್ಸ್ (ಬಿಲ್ಡ್ ಆದ ಜೆಎಸ್, ಸಿಎಸ್‌ಎಸ್ ಇರೋ ಫೋಲ್ಡರ್) ಅಂದ್ರೆ /ಸ್ಟೋರ್/ಅಸೆಟ್ಸ್, ಫೈಲ್ ಸಿಗತ್ತೆ. ಅದೃಷ್ಟ, ಅಷ್ಟೇ. /ಸ್ಟೋರ್/ಪ್ರಾಡಕ್ಟ್ಸ್/12 ಅಲ್ಲಿ ಬರೀ '12' ಹೋಗತ್ತೆ, ಹಾಗಾಗಿ ಬ್ರೌಸರ್ ಕೇಳೋದು /ಸ್ಟೋರ್/ಪ್ರಾಡಕ್ಟ್ಸ್/ಅಸೆಟ್ಸ್, ಅಂಥ ಫೋಲ್ಡರೇ ಇಲ್ಲ. ನಂಬಿಕೆ ಬರ್ದಿದ್ರೆ /ಸ್ಟೋರ್/ಪ್ರಾಡಕ್ಟ್ಸ್/ ಅಂತ ಕೊನೇಲಿ ಒಂದು ಸ್ಲ್ಯಾಶ್ ಹಾಕಿ ರಿಫ್ರೆಶ್ ಮಾಡಿ, ಇಷ್ಟು ದಿನ ಸರಿ ಇದ್ದ ಪೇಜೂ ಬಿಳಿ ಆಗತ್ತೆ.

ಹಂಗಿದ್ರೆ 404 (ಫೈಲ್ ಇಲ್ಲ ಅನ್ನೋ ಎರರ್) ಯಾಕೆ ಕಾಣ್ತಿಲ್ಲ ಅಂತ ಕೇಳ್ಬಹುದು. ಇದೇ ಜನಾನ ಜಾಸ್ತಿ ದಾರಿ ತಪ್ಪಿಸೋದು. ಲಿಂಕ್ ಕ್ಲಿಕ್ ಮಾಡಿದಾಗ ರಿಯಾಕ್ಟ್ ರೌಟರ್ ಬ್ರೌಸರಿನ ಪುಶ್‌ಸ್ಟೇಟ್ ಅನ್ನೋ ಫಂಕ್ಷನ್ ಕರೆದು ಅಡ್ರೆಸ್ ಮಾತ್ರ ಬದಲಾಯಿಸತ್ತೆ, ಪೇಜ್ ಕೊಡು ಅಂತ ಸರ್ವರ್ ಹತ್ರ ಹೋಗೋದೇ ಇಲ್ಲ, ರಿಫ್ರೆಶ್ ಮಾಡಿದಾಗ ಮಾತ್ರ ಹೋಗತ್ತೆ. ಅದಕ್ಕೇ ಫೈಲ್ ಇಲ್ದಿದ್ರೆ ಇಂಡೆಕ್ಸ್.ಎಚ್‌ಟಿಎಂಎಲ್ ಕೊಡು ಅಂತ ಎಂಜಿನ್‌ಎಕ್ಸ್ ಕಾನ್ಫಿಗಲ್ಲಿ ಟ್ರೈ_ಫೈಲ್ಸ್ ಲೈನ್ ಹಾಕೋದು, ಬಿಳಿ ಪೇಜ್ ಬರ್ತಿದೆ ಅಂದ್ರೆ ನೀವು ಅದನ್ನ ಆಗ್ಲೇ ಹಾಕಿದೀರ. ಆದ್ರೆ ಇಲ್ಲದ ಜೆಎಸ್ ಫೈಲ್ ಕೇಳಿದಾಗ್ಲೂ ಆ ಲೈನ್ ಅದೇ ಎಚ್‌ಟಿಎಂಎಲ್‌ನ 200 (ಎಲ್ಲ ಸರಿ) ಸ್ಟೇಟಸ್ ಜೊತೆ ಕೊಟ್ಟು ಕಳಿಸತ್ತೆ. ನೆಟ್‌ವರ್ಕ್ ಟ್ಯಾಬಲ್ಲಿ ಎಲ್ಲ ಹಸಿರು, ಕನ್ಸೋಲಲ್ಲಿ ಮಾತ್ರ ಮೈಮ್ ಟೈಪ್ (ಫೈಲಿನ ಜಾತಿ) 'ಟೆಕ್ಸ್ಟ್/ಎಚ್‌ಟಿಎಂಎಲ್' ಬಂತು ಅಂತ ಕೆಂಪು ಲೈನ್, ಬ್ರೌಸರ್ ಅದನ್ನ ಜೆಎಸ್ ಅಂತ ಓಡಿಸಲ್ಲ, ಅದಕ್ಕೇ ಪೇಜ್ ಬಿಳಿ. ಆ ಜೆಎಸ್ ಸಾಲಿನ ಮೇಲೆ ಕ್ಲಿಕ್ ಮಾಡಿ ರೆಸ್ಪಾನ್ಸ್ ನೋಡಿ, ಡಾಕ್‌ಟೈಪ್ ಇಂದ ಶುರುವಾಗೋ ನಿಮ್ಮದೇ ಹೋಮ್ ಪೇಜ್ ಅಲ್ಲಿ ಕೂತಿರತ್ತೆ. ಫೆಚ್ ಮಾಡಿ ಜೇಸನ್ ಪಾರ್ಸ್ ಮಾಡುವಾಗ '<' ಟೋಕನ್ ಎರರ್ ಬರೋದೂ ಸಾಮಾನ್ಯವಾಗಿ ಇದೇ ಕಥೆ, ಫೆಚ್‌ಗೆ ಕೊಡೋ ರಿಲೇಟಿವ್ ಪಾತ್ ಕೂಡ ಪೇಜಿನ ಯುಆರ್‌ಎಲ್ ಮೇಲೇ ನಿಂತಿದೆ.

ಈಗ ಮಾಡ್ಬೇಕಾಗಿದ್ದು. ವೀಟಲ್ಲಿ ಬೇಸ್ '/ಸ್ಟೋರ್/' ಮಾಡಿ, ಹಿಂದೆ ಮುಂದೆ ಎರಡೂ ಕಡೆ ಸ್ಲ್ಯಾಶ್ ಇರ್ಲಿ. ಬಿಲ್ಡ್ ಮಾಡಿದಾಗ ಸ್ಕ್ರಿಪ್ಟ್, ಸಿಎಸ್‌ಎಸ್ ಎಲ್ಲದಕ್ಕೂ /ಸ್ಟೋರ್/ಅಸೆಟ್ಸ್ ಅಂತ ಪೂರ್ತಿ ಪಾತ್ ಬರತ್ತೆ, ಆಮೇಲೆ ಬಳಕೆದಾರ ಎಷ್ಟು ಆಳದ ಪೇಜಲ್ಲಿದ್ರೂ ಚಿಂತೆ ಇಲ್ಲ. ರಿಯಾಕ್ಟ್ ರೌಟರಿನ ಬ್ರೌಸರ್ ರೌಟರಿಗೆ ಬೇಸ್‌ನೇಮ್ ಅಂತ '/ಸ್ಟೋರ್' ಕೊಡಿ, ಆದ್ರೆ ಕೈಯಲ್ಲಿ ಟೈಪ್ ಮಾಡ್ಬೇಡಿ, ಇಂಪೋರ್ಟ್.ಮೆಟಾ.ಎನ್ವ್.ಬೇಸ್_ಯುಆರ್‌ಎಲ್ ಅಂತ ವೀಟೇ ಕೊಡತ್ತೆ, ಅದನ್ನೇ ಹಾಕಿ, ನಾಳೆ ಫೋಲ್ಡರ್ ಹೆಸರು ಬದಲಾದ್ರೆ ಒಂದೇ ಜಾಗದಲ್ಲಿ ತಿದ್ದಿದ್ರೆ ಸಾಕು. ಎಂಜಿನ್‌ಎಕ್ಸಲ್ಲಿ /ಸ್ಟೋರ್/ ಲೊಕೇಶನ್ನಿಗೆ ಈಗಿರೋ ಫಾಲ್‌ಬ್ಯಾಕ್ (ಆ ಟ್ರೈ_ಫೈಲ್ಸ್ ಲೈನ್) ಇರ್ಲಿ, /ಸ್ಟೋರ್/ಅಸೆಟ್ಸ್/ಗೆ ಬೇರೆ ಲೊಕೇಶನ್ ಬರ್ದು ಟ್ರೈ_ಫೈಲ್ಸ್ $ಯುಆರ್‌ಐ =404 ಅಂತ ಹಾಕಿ. ಇದು ಬಗ್ ಸರಿ ಮಾಡಲ್ಲ, ಆದ್ರೆ ಆ ಫೋಲ್ಡರಲ್ಲಿ ಇಲ್ಲದ ಫೈಲ್ ಕೇಳಿದ್ರೆ ಇಲ್ಲ ಅಂತ ನೇರವಾಗಿ ಹೇಳತ್ತೆ, ಹೊಸ ಬಿಲ್ಡ್ ಹಾಕಿದ್ಮೇಲೆ ಹಳೇ ಪೇಜ್ ತೆರೆದಿಟ್ಟಿರೋರು ಹಳೇ ಜೆಎಸ್ ಕೇಳಿದಾಗ ಇದರ ಬೆಲೆ ಗೊತ್ತಾಗತ್ತೆ.

ಫೋಟೋ ವಿಷಯ: ಜೆಎಸ್‌ಎಕ್ಸ್ (ರಿಯಾಕ್ಟಲ್ಲಿ ಎಚ್‌ಟಿಎಂಎಲ್ ಥರ ಬರೆಯೋ ಕೋಡ್) ಒಳಗೆ 'ಇಮೇಜಸ್/ಫೋನ್.ಪಿಎನ್‌ಜಿ' ಅಂತ ಬರೀ ಸ್ಟ್ರಿಂಗ್ ಕೊಟ್ಟಿದೀರ, ವೀಟ್ ಅದನ್ನ ಮುಟ್ಟೋದೇ ಇಲ್ಲ, ಬ್ರೌಸರ್ ಮತ್ತೆ ಅದೇ ಅಡ್ರೆಸ್ ಬಾರ್ ಲೆಕ್ಕ ಹಾಕತ್ತೆ. ಸೋರ್ಸ್ ಫೋಲ್ಡರಲ್ಲಿರೋ ಚಿತ್ರ ಆದ್ರೆ ಇಂಪೋರ್ಟ್ ಮಾಡಿ, ಪಬ್ಲಿಕ್ ಫೋಲ್ಡರಲ್ಲಿದ್ರೆ ಮುಂದೆ ಆ ಬೇಸ್ ಯುಆರ್‌ಎಲ್ ಸೇರಿಸಿ. ಸಿಎಸ್‌ಎಸ್ ಒಳಗಿನ ಬ್ಯಾಕ್‌ಗ್ರೌಂಡ್ ಚಿತ್ರ ಮಾತ್ರ ಸರಿ ಬರ್ತಿದೆ ಅಂದ್ರಲ್ಲ, ಅದು ಸರಿ ಇರತ್ತೆ, ಸಿಎಸ್‌ಎಸ್ ಫೈಲಲ್ಲಿ ಬರೆದ ಯುಆರ್‌ಎಲ್ ಆ ಸಿಎಸ್‌ಎಸ್ ಫೈಲ್ ಇರೋ ಜಾಗದಿಂದ ಲೆಕ್ಕ, ಪೇಜಿಂದ ಅಲ್ಲ.

ಇನ್ನು ಬ್ಯಾಕ್ ಲಿಂಕಿನ '..'. ಇಲ್ಲಿ ಲೆಕ್ಕ ಹಾಕೋದು ಬ್ರೌಸರ್ ಅಲ್ಲ, ರಿಯಾಕ್ಟ್ ರೌಟರ್. ವರ್ಷನ್ 6ರಿಂದ '..' ಅಂದ್ರೆ ಒಂದು ರೌಟ್ ಮೇಲೆ, ಯುಆರ್‌ಎಲ್‌ನ ಒಂದು ತುಂಡು ಮೇಲೆ ಅಲ್ಲ. 'ಪ್ರಾಡಕ್ಟ್ಸ್/:ಐಡಿ/ಎಡಿಟ್' ಅಂತ ಇಡೀದನ್ನ ಒಂದೇ ರೌಟಾಗಿ ಬರ್ದಿದ್ರೆ ಒಂದು '..'ಗೆ ಮೂರೂ ತುಂಡು ಹೋಗಿ ಹೋಮಿಗೇ ಬೀಳ್ತೀರ. ಲಿಂಕಿಗೆ ರಿಲೇಟಿವ್="ಪಾತ್" ಅಂತ ಪ್ರಾಪ್ ಕೊಟ್ರೆ ಫೋಲ್ಡರ್ ಥರ ಕೆಲ್ಸ ಮಾಡತ್ತೆ, ಇಲ್ಲಾಂದ್ರೆ ಎಡಿಟ್ ರೌಟನ್ನ ಐಡಿ ರೌಟಿನ ಒಳಗೆ ನೆಸ್ಟ್ ಮಾಡಿ. ನಾನಾದ್ರೆ ಪೂರ್ತಿ ಪಾತ್ ಬರ್ದುಬಿಡ್ತೀನಿ, '..' ಎಣಿಸ್ತಾ ಕೂರೋ ತಾಳ್ಮೆ ಇಲ್ಲ.

ಎಚ್‌ಟಿಎಂಎಲ್‌ನಲ್ಲಿ ಬೇಸ್ ಟ್ಯಾಗ್ (ರಿಲೇಟಿವ್ ಲಿಂಕ್‌ಗಳನ್ನ ಎಲ್ಲಿಂದ ಲೆಕ್ಕ ಹಾಕ್ಬೇಕು ಅಂತ ಬ್ರೌಸರಿಗೆ ಹೇಳೋದು) ಹಾಕಿದ್ರೆ ಒಂದೇ ಏಟಿಗೆ ಮುಗಿಯತ್ತೆ ಅಂತ ಯಾರಾದ್ರೂ ಹೇಳ್ಬಹುದು. ಆಂಗ್ಯುಲರ್ ಅನ್ನೋ ಇನ್ನೊಂದು ಫ್ರೇಮ್‌ವರ್ಕಲ್ಲಿ ಅದೇ ರೂಢಿ, ತಪ್ಪೇನಿಲ್ಲ. ಆದ್ರೆ ಪೇಜ್ ಒಳಗೇ ಕೆಳಗೆ ಹೋಗೋ '#ರಿವ್ಯೂಸ್' ಥರದ ಲಿಂಕ್ ಇದ್ರೆ ಅದೂ ಬೇಸ್ ಹಿಡ್ಕೊಂಡು /ಸ್ಟೋರ್/#ರಿವ್ಯೂಸ್ ಆಗಿ ಜನಾನ ಹೋಮಿಗೆ ಎತ್ತಾಕತ್ತೆ. ನಿಮ್ಮ ಪ್ರಾಡಕ್ಟ್ ಪೇಜಲ್ಲಿ ಅಂಥ ಲಿಂಕ್ ಇದೆ ಅಂತ ಬರ್ದಿದೀರ, ಅದಕ್ಕೇ ನಿಮಗೆ ಅದನ್ನ ಹೇಳಲ್ಲ.