ಓದುಗರ ಪ್ರಶ್ನೆ: ಕ್ಯಾಟಲಾಗ್ ಬಾಗಿಲಿಗೆ ಬಂದಾಗ ಊರಿನ ಅಂಗಡಿ ಏನು ಮಾಡಿತು?

ಪ್ರಶ್ನೆ: ಗುಳೇದಗುಡ್ಡದಲ್ಲಿ ನಮ್ಮದು ಸಣ್ಣ ಖಣದ ಅಂಗಡಿ. ಗಿರಾಕಿಗಳು ಬಂದು ಮಾಲು ಮುಟ್ಟಿ ನೋಡ್ತಾರೆ, ಆಮೇಲೆ ಮೊಬೈಲ್‌ನಲ್ಲಿ ತರಿಸ್ಕೋತಾರೆ. ನೂರು ವರ್ಷದ ಹಿಂದೆ ಅಮೆರಿಕದ ಹಳ್ಳಿ ಅಂಗಡಿಗಳಿಗೂ ಇದೇ ಕಷ್ಟ ಬಂದಿತ್ತು ಅಂತ ಹಿಂದೊಮ್ಮೆ ಬರೆದಿದ್ದಿರಿ. ಅವರು ಜಾಹೀರಾತು ಹೇಗೆ ಕೊಡ್ತಿದ್ದರು ಸರ್?

ಉತ್ತರ: ಕಷ್ಟ ಎಲ್ಲಿಂದ ಬಂತು ಅನ್ನೋದನ್ನ ಮೊದಲು ನೋಡ್ರಿ. ಅಲ್ಲಿನ ರೈತರ ಮನೆಗೆ ಮೊದಲು ಟಪಾಲು ಬರುತ್ತಿರಲಿಲ್ಲ. ಪತ್ರ ಬೇಕಂದ್ರೆ ಬಂಡಿ ಕಟ್ಟಿಕೊಂಡು ಊರಿಗೆ ಹೋಗಬೇಕಿತ್ತು, ಎಷ್ಟೋ ಕಡೆ ಅಂಚೆ ಕಚೇರಿ ಇದ್ದದ್ದೇ ಕಿರಾಣಿ ಅಂಗಡಿಯ ಒಂದು ಮೂಲೆಯಲ್ಲಿ, ಹಾಗಾಗಿ ಪತ್ರಕ್ಕೆ ಬಂದವರು ಸಕ್ಕರೆ, ಸೀಮೆಎಣ್ಣೆ, ಬಟ್ಟೆನೂ ಒಯ್ಯುತ್ತಿದ್ದರು. 1896ರಲ್ಲಿ ಹೊಲದ ಮನೆಗಳಿಗೇ ಟಪಾಲು ತಲುಪಿಸುವ ಪ್ರಯೋಗ ಶುರುವಾಯಿತು, 1902ರಲ್ಲಿ ಕಾಯಂ ಆಯಿತು. ಪತ್ರದ ಜೊತೆ, ಬರೆದು ಕೇಳಿದವರಿಗೆ ಮಾಲು ಕಳಿಸುತ್ತಿದ್ದ ಷಿಕಾಗೋದ ಸಿಯರ್ಸ್, ಮಾಂಟ್ಗೊಮೆರಿ ವಾರ್ಡ್ ಕಂಪನಿಗಳ ದಪ್ಪ ಕ್ಯಾಟಲಾಗೂ ಬಂತು. ಹೊಲಿಗೆ ಯಂತ್ರದಿಂದ ನೇಗಿಲಿನವರೆಗೆ ಎಲ್ಲದಕ್ಕೂ ಚಿತ್ರ, ಪಕ್ಕದಲ್ಲೇ ದರ. 1913ರ ಜನವರಿ 1ಕ್ಕೆ ಸರ್ಕಾರದ ಪಾರ್ಸೆಲ್ ಅಂಚೆ ಬಂದಾಗ (ಮೊದಲು 11 ಪೌಂಡ್, ಅಂದ್ರೆ ಐದು ಕಿಲೋ ತನಕ ಮಾತ್ರ) ಮಾಲು ತರಿಸೋದು ಇನ್ನೂ ಸುಲಭವಾಯಿತು.

ಊರಿನ ವ್ಯಾಪಾರಿಗಳು 'ನಮ್ಮೂರಲ್ಲೇ ಕೊಳ್ಳಿ' ಅಂತ ವಾರಪತ್ರಿಕೆಗಳಲ್ಲಿ ಬರೆಸಿದರು. ಕೆಲವು ಊರುಗಳಲ್ಲಿ ಕ್ಯಾಟಲಾಗ್ ತಂದುಕೊಟ್ಟವರಿಗೆ ಬಹುಮಾನ ಕೊಟ್ಟು, ಎಲ್ಲವನ್ನೂ ಒಟ್ಟಿ ಸುಟ್ಟರು. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಸುಟ್ಟ ಮಾತ್ರಕ್ಕೆ ಗಿರಾಕಿ ವಾಪಸ್ ಬರ್ತಾರಾ?

ತೊಂದರೆ ಅವರ ಜಾಹೀರಾತಿನಲ್ಲೇ ಇತ್ತು. ಅಂಗಡಿ ಹೆಸರು, ಬೀದಿ, 'ಎಲ್ಲ ಬಗೆಯ ಸಾಮಾನು ಸಿಗುತ್ತದೆ'. ಅಷ್ಟೇ! ಮತ್ತೆ ಅಚ್ಚುಮೊಳೆ ಜೋಡಿಸುವ ಕೆಲಸ ಉಳಿಯಲಿ ಅಂತ ಎಷ್ಟೋ ಪತ್ರಿಕೆಗಳಲ್ಲಿ ಅದೇ ಚೌಕಟ್ಟು ತಿಂಗಳುಗಟ್ಟಲೆ ಹಾಗೇ ನಿಂತಿರುತ್ತಿತ್ತು. ಕ್ಯಾಟಲಾಗ್ ದರ ಹೇಳುತ್ತಿತ್ತು, ಇವರು ಹೇಳುತ್ತಿರಲಿಲ್ಲ. ಎಚ್ಚೆತ್ತವರು ದರ ಹಾಕಿದರು, ಈ ವಾರ ಯಾವ ಮಾಲು ಬಂದಿದೆ ಅಂತ ಬರೆಸಿದರು. ಹಳ್ಳಿ ಅಂಗಡಿಗಳ ಜಾಹೀರಾತಿನಲ್ಲಿ ನನಗೆ ಬಹಳ ಇಷ್ಟವಾಗುವ ಸಾಲು ಒಂದಿದೆ: 'ಬೆಣ್ಣೆ, ಮೊಟ್ಟೆಗೆ ಒಳ್ಳೆ ದರ ಕೊಡುತ್ತೇವೆ.' ರೈತರ ಮನೆಯ ಮೊಟ್ಟೆ ತಗೊಂಡು ಬದಲಿಗೆ ಬಟ್ಟೆ ಕೊಡೋದು, ಬೆಳೆ ಬರೋ ತನಕ ಉದ್ರಿ ಬರೆದುಕೊಳ್ಳೋದು ಷಿಕಾಗೋದವರ ಕೈಲಿ ಆಗದ ಕೆಲಸ.

ನಿಮ್ಮ ವಾಟ್ಸಾಪ್ ಸ್ಟೇಟಸ್‌ನಲ್ಲಿ ಸುಮ್ನೆ 'ಗುಳೇದಗುಡ್ಡ ಖಣ ಸಿಗುತ್ತದೆ' ಅಂತಿದ್ರೆ ಅದೂ ಆ ಹಳೇ ಚೌಕಟ್ಟೇ. ದರ ಹಾಕಿ. ಕೈಮಗ್ಗದ್ದೋ ಪವರ್‌ಲೂಮಿನದೋ ಬಿಡಿಸಿ ಹೇಳಿ. ಮದುವೆಯಲ್ಲಿ ಉಡಿ ತುಂಬೋಕೆ ಐವತ್ತು ಖಣ ಒಯ್ದವರು ಉಳಿದದ್ದನ್ನ ತಂದ್ರೆ ವಾಪಸ್ ತಗೋತೀರಾ? ತಗೋತೀರಾದ್ರೆ ಅದನ್ನೇ ಮೊದಲ ಸಾಲಿನಲ್ಲಿ ಬರೀರಿ.

ಪ್ರಶ್ನೆ: ಆಗಿನ ಜಾಹೀರಾತುಗಳಲ್ಲಿ ಸುಳ್ಳು ಇರ್ತಿರಲಿಲ್ವಾ? (ವಿಜಯಪುರದ ವಿದ್ಯಾರ್ಥಿನಿ)

ಉತ್ತರ: ಬೇಕಾದಷ್ಟಿತ್ತಮ್ಮ. ಅದರಲ್ಲೂ ಹೊರಗಿನಿಂದ ಬರುವ ಔಷಧಿ ಬಾಟಲಿಗಳದ್ದು. ಎಷ್ಟೋ ಸಣ್ಣ ಪತ್ರಿಕೆಗಳು ಒಂದು ಬದಿ ಮೊದಲೇ ಅಚ್ಚಾದ ಕಾಗದ ತರಿಸಿ, ಇನ್ನೊಂದು ಬದಿಗೆ ಊರಿನ ಸುದ್ದಿ ಹಾಕುತ್ತಿದ್ದವು. ಆ ಮೊದಲೇ ಅಚ್ಚಾದ ಬದಿಯಲ್ಲಿ ಸರ್ವರೋಗಕ್ಕೂ ಒಂದೇ ಮದ್ದು! 1906ರಲ್ಲಿ ಅಮೆರಿಕದ ಆಹಾರ-ಔಷಧಿ ಕಾನೂನು ಬಂದ ಮೇಲೆ ಬಾಟಲಿಯಲ್ಲಿ ಆಲ್ಕೋಹಾಲ್, ಅಫೀಮು, ಮಾರ್ಫಿನ್ ಎಷ್ಟಿದೆ ಅಂತ ಚೀಟಿಯ ಮೇಲೆ ಬರೆಯಲೇಬೇಕಾಯಿತು. ಆದರೆ ಆ ಕಾನೂನು ಬಾಟಲಿಯ ಚೀಟಿಗೆ ಮಾತ್ರ, ಪತ್ರಿಕೆಯ ಜಾಹೀರಾತನ್ನು ಮುಟ್ಟಲಿಲ್ಲ.

ಪ್ರಶ್ನೆ: ಬನಶಂಕರಿ ಜಾತ್ರೆಯ ನಾಟಕಗಳನ್ನು ಚಿಕ್ಕಂದಿನಿಂದ ನೋಡಿದವನು ನಾನು. ಅಮೆರಿಕದ ಊರುಗಳಲ್ಲೂ ನಾಟಕಕ್ಕೂ ಅಂಗಡಿಗಳಿಗೂ ನಂಟಿತ್ತಾ? (ಬಾದಾಮಿ)

ಉತ್ತರ: ಇತ್ತು, ಅದೂ ಪರದೆಯ ಮೇಲೆ. ಊರಿನ ಸಭಾಭವನದ ಪರದೆಯಲ್ಲಿ ನಡುವೆ ಕೆರೆಯೋ ಬೆಟ್ಟವೋ ಬರೆದು, ಸುತ್ತಲೂ ಊರಿನ ಅಂಗಡಿಗಳ ಹೆಸರನ್ನು ಚೌಕ ಚೌಕವಾಗಿ ಬಣ್ಣದಲ್ಲಿ ಬರೆಯುತ್ತಿದ್ದರು. ನಾಟಕ ಶುರುವಾಗೋ ತನಕ ಕೂತವರ ಕಣ್ಣಿಗೆ ಬೇರೆ ಏನಿರುತ್ತೆ ಹೇಳಿ! ವರ್ಮಾಂಟ್ ರಾಜ್ಯದಲ್ಲಿ ಇಂಥ ಹಳೇ ಪರದೆಗಳನ್ನು ಹುಡುಕಿ, ದುರಸ್ತಿ ಮಾಡಿ ಉಳಿಸಿಕೊಂಡಿದ್ದಾರೆ. ನಿಮ್ಮ ಕಡೆ ಯಾರ ಮನೆ ಅಟ್ಟದಲ್ಲಾದರೂ ಹಳೇ ಕಂಪನಿ ನಾಟಕದ ಪರದೆ, ಕರಪತ್ರ ಇದ್ರೆ ಫೋಟೊ ತೆಗೆದು ಕಳಿಸಿ, ನೋಡೋ ಆಸೆ ನನಗಿದೆ.