ಅಮ್ಮನ ಮಾತ್ರೆ, ಹೊಸ ನರಕೋಶ
ಬದಿಯಡ್ಕದವರೇ, ಅಮ್ಮನಿಗೆ ಪ್ರಾಯ ಅರುವತ್ತೆಂಟು, ಖಿನ್ನತೆಯ ಮಾತ್ರೆ ಶುರುವಾಗಿ ಹತ್ತು ದಿನವಾದರೂ ಗುಣ ಕಾಣಲಿಲ್ಲ, ಈ ಪ್ರಾಯದಲ್ಲಿ ಮೆದುಳಲ್ಲಿ ಹೊಸ ಕೋಶ ಹುಟ್ಟುತ್ತದಾ ಅಂತ ಕೇಳಿದ್ದೀರಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ, ಅದು ಹಿಡಿಯಲು ಕೆಲವು ವಾರ ಬೇಕು. ಇಲಿಗಳ ಮೆದುಳಲ್ಲಿ ನೆನಪು, ಭಾವನೆ ನೋಡಿಕೊಳ್ಳುವ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶ ಬಲಿಯಲಿಕ್ಕೂ ವಾರಗಳೇ ಹಿಡಿಯುತ್ತವೆ. 2003ರ ಪ್ರಯೋಗವೊಂದರಲ್ಲಿ ಆ ಹುಟ್ಟನ್ನು ಎಕ್ಸ್-ರೇಯಿಂದ ತಡೆದಾಗ ಫ್ಲೂಆಕ್ಸೆಟಿನ್ ಎಂಬ ಖಿನ್ನತೆಯ ಮದ್ದು ಕೆಲಸವೇ ಮಾಡಲಿಲ್ಲ.

ಮನುಷ್ಯರ ವಿಷಯ ಇನ್ನೂ ಜಗಳದಲ್ಲೇ ಇದೆ. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲದ ಜಾಡು ಹಿಡಿದು 2013ರಲ್ಲಿ ಸ್ವೀಡನ್ನಿನವರು, ಒಂದೊಂದು ಹಿಪೊಕ್ಯಾಂಪಸ್‌ನಲ್ಲಿ ದಿನಕ್ಕೆ ಸುಮಾರು 700 ಹೊಸ ನರಕೋಶ ಹುಟ್ಟುತ್ತವೆ ಅಂದರು (ಎಂಥ ತಲೆ ನೋಡಿ!). 2018ರಲ್ಲಿ ಇನ್ನೊಂದು ತಂಡ, ದೊಡ್ಡವರಲ್ಲಿ ಕಾಣಲೇ ಇಲ್ಲ ಅಂದಿತು.

ಅದೇನೇ ಇರಲಿ, ನಡಿಗೆ ಖಿನ್ನತೆಗೆ ಒಳ್ಳೆಯದು. ಸಂಜೆ ತೋಟದ ಕಡೆ ಕರಕೊಂಡು ಹೋಗಿ. ತಿಮರೆ (ಒಂದೆಲಗ) ಚಟ್ನಿ ತಿನ್ನಲಿ, ಆದರೆ ಮಾತ್ರೆಯ ಬದಲಿಗಲ್ಲ.