ಬುಡಾಪೆಸ್ಟ್‌ನ ಅಗ್ಗದ ಹಾಸ್ಟೆಲ್‌ನಲ್ಲಿ ಒಬ್ಬರೇ ಉಳಿಯಬಹುದಾ?

ನೀವು ಕೇಳಿದ್ದು ಇಷ್ಟು: ಅಕ್ಟೋಬರ್‌ನಲ್ಲಿ ಒಬ್ಬರೇ ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ಗೆ ಹೊರಟಿದ್ದೀರಿ, ನಾಲ್ಕು ರಾತ್ರಿ. ಹೋಟೆಲ್ ರೇಟ್ ನೋಡಿ ತಲೆ ತಿರುಗಿದೆ. ಹಾಸ್ಟೆಲ್ ಡಾರ್ಮ್‌ನಲ್ಲಿ, ಅಂದರೆ ಹಲವರು ಒಟ್ಟಿಗೆ ಮಲಗುವ ಕೋಣೆಯಲ್ಲಿ, ಹದಿನೈದು ಯೂರೋ ಆಸುಪಾಸಿಗೆ ಒಂದು ಹಾಸಿಗೆ ಸಿಗುತ್ತಿದೆ. ಸೇಫಾ, ಬಾತ್‌ರೂಮ್ ಹೇಗಿರುತ್ತೆ, ಸಸ್ಯಾಹಾರಿಗೆ ಊಟದ ಗತಿ ಏನು?

ನಾನು ಕೆಲಸದ ಮೇಲೆ ವಿಯೆನ್ನಾದಲ್ಲಿದ್ದೇನೆ. ಅಲ್ಲಿಂದ ಬುಡಾಪೆಸ್ಟ್‌ಗೆ ರೈಲಿನಲ್ಲಿ ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಾಗಾಗಿ ರಜೆ ಸಿಕ್ಕಾಗಲೆಲ್ಲ ಹೋಗುತ್ತಿರುತ್ತೇನೆ, ಉಳಿಯುವುದು ಹಾಸ್ಟೆಲ್‌ನಲ್ಲೇ. ಧಾರಾಳವಾಗಿ ಉಳಿಯಿರಿ ಅಂತಲೇ ನನ್ನ ಉತ್ತರ. ಕಳ್ಳತನದ ಚಿಂತೆ ಒಂದಷ್ಟು ಇರಲಿ, ನಿದ್ದೆಯ ಚಿಂತೆ ಅದಕ್ಕಿಂತ ಜಾಸ್ತಿ ಇರಲಿ. ಬುಡಾಪೆಸ್ಟ್‌ನಲ್ಲಿ ಹಾಸ್ಟೆಲ್ ಬೇಡವಪ್ಪಾ ಅಂತ ಬಂದವರನ್ನು ಮಾತಾಡಿಸಿ ನೋಡಿ. ಹತ್ತರಲ್ಲಿ ಎಂಟು ಜನ ರಾತ್ರಿ ಪೂರ್ತಿ ಕಣ್ಣು ಮುಚ್ಚಲಿಲ್ಲ ಅನ್ನುವವರೇ.

ಕಾರಣ ಇದೆ. ಅಗ್ಗದ ಹಾಸ್ಟೆಲ್‌ಗಳು ಹೆಚ್ಚಾಗಿ ಇರುವುದು ಏಳನೇ ಜಿಲ್ಲೆಯಲ್ಲಿ (ಊರಿನೊಳಗಿನ ವಿಭಾಗಗಳಿಗೇ ಅಲ್ಲಿ ಜಿಲ್ಲೆ ಅನ್ನುತ್ತಾರೆ), ಕಜಿಂತ್ಸಿ ರಸ್ತೆ, ಕಿರಾಯ್ ರಸ್ತೆಯ ಸುತ್ತ. ಇದು ಊರಿನ ಹಳೇ ಯಹೂದಿ ಕೇರಿ. 1859ರಲ್ಲಿ ಕಟ್ಟಿದ ದೊಡ್ಡ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಇಲ್ಲೇ ದೊಹಾನಿ ರಸ್ತೆಯಲ್ಲಿದೆ. 1944ರ ಚಳಿಗಾಲದಲ್ಲಿ ಯಹೂದಿಗಳನ್ನು ಗೋಡೆ ಹಾಕಿ ಕೂಡಿಟ್ಟ ಗೆಟ್ಟೋ ಕೂಡ ಇದೇ ಬೀದಿಗಳು. ಆಮೇಲೆ ಎಷ್ಟೋ ಕಟ್ಟಡ ದುರಸ್ತಿಯಿಲ್ಲದೆ ಹಾಳುಬಿದ್ದವು. 2000ದ ದಶಕದಲ್ಲಿ ಹುಡುಗರು ಅಂಥ ಪಾಳು ಕಟ್ಟಡಗಳ ಅಂಗಳದಲ್ಲೇ ಬಾರ್ ತೆರೆದರು. ಅವುಗಳಲ್ಲಿ ಹೆಸರಾದದ್ದು 2002ರಲ್ಲಿ ಶುರುವಾದ ಸಿಂಪ್ಲಾ. ಈಗ ಆ ಬೀದಿಗಳಿಗೆ ಅಗ್ಗದ ವಿಮಾನ ಹತ್ತಿ ಇಡೀ ಯುರೋಪಿನಿಂದ ಜನ ಕುಡಿಯಲಿಕ್ಕೆ ಬರುತ್ತಾರೆ. ಮದುವೆಗೆ ಮುಂಚಿನ ಬ್ಯಾಚುಲರ್ ಪಾರ್ಟಿಗೆ ಅಂತಲೇ ಗುಂಪು ಗುಂಪಾಗಿ ಬರುವವರಿದ್ದಾರೆ. ನೋಡಲಿಕ್ಕೆ ಜಾಗ ಚೆನ್ನಾಗಿದೆ, ಒಂದು ಸಂಜೆ ಸುತ್ತಿ ಬನ್ನಿ. ಮಲಗಲಿಕ್ಕೆ ಮಾತ್ರ ಬೇರೆ ಕಡೆ ನೋಡಿ.

ಬುಕ್ ಮಾಡುವಾಗ ಮೊದಲು ವಿಳಾಸದ ಪಿನ್‌ಕೋಡ್ ನೋಡಿ. ಬುಡಾಪೆಸ್ಟ್ ಪಿನ್‌ಕೋಡ್ ನಾಲ್ಕು ಅಂಕಿ, ನಡುವಿನ ಎರಡು ಅಂಕಿಯೇ ಜಿಲ್ಲೆ. 1075 ಅಂದರೆ ಏಳನೇ ಜಿಲ್ಲೆ, 1052 ಅಂದರೆ ಐದನೆಯದು, 1092 ಅಂದರೆ ಒಂಬತ್ತನೆಯದು. ಐದನೇ ಜಿಲ್ಲೆಯ ಕಾಲ್ವಿನ್ ಚೌಕದ ಕಡೆ, ಒಂಬತ್ತರ ರಾದಾಯ್ ರಸ್ತೆಯ ಸುತ್ತ, ಎಂಟನೇ ಜಿಲ್ಲೆಯಲ್ಲಿ ನ್ಯಾಷನಲ್ ಮ್ಯೂಸಿಯಂ ಹಿಂದಿನ ಬೀದಿಗಳಲ್ಲಿ ಹುಡುಕಿ. ಅಲ್ಲಿಂದ ಎಲ್ಲ ಕಡೆಗೂ ನಡೆದೇ ಹೋಗಬಹುದು. ನದಿಯಾಚೆಯ ಬುಡಾ ಕಡೆ ಇನ್ನೂ ಶಾಂತ, ಆದರೆ ಅಲ್ಲಿ ಹಾಸ್ಟೆಲ್ ಕಡಿಮೆ. ಇನ್ನು ಹಾಸ್ಟೆಲ್‌ನ ಫೋಟೋಗಳಲ್ಲಿ ಹಾಸಿಗೆಗಿಂತ ಗ್ಲಾಸು ಎತ್ತಿದ ಕೈಗಳೇ ಜಾಸ್ತಿ ಕಂಡರೆ, ದಿನಾ ಸಂಜೆ ಬಾರ್‌ನಿಂದ ಬಾರ್‌ಗೆ ಕರೆದೊಯ್ಯುವ ಕಾರ್ಯಕ್ರಮ ಇದ್ದರೆ, ಅದು ಪಾರ್ಟಿ ಹಾಸ್ಟೆಲ್. ಅದರ ರೇಟಿಂಗ್ ಹತ್ತಕ್ಕೆ ಒಂಬತ್ತೂವರೆ ಇದ್ದರೂ ನಂಬಬೇಡಿ. ಆ ಅಂಕ ಕೊಟ್ಟವರು ಮಲಗಲು ಬಂದವರಲ್ಲ. ವಿಮರ್ಶೆಗಳಲ್ಲಿ ‘ನಿದ್ದೆ’, ‘ಗಲಾಟೆ’ ಅನ್ನುವ ಮಾತುಗಳನ್ನೇ ಹುಡುಕಿ ಓದಿ, ಉಳಿದದ್ದು ಓದದಿದ್ದರೂ ನಡೆಯುತ್ತದೆ.

ಸಣ್ಣ ಹಾಸ್ಟೆಲ್‌ಗಳು ಅಲ್ಲಿ ಪ್ರತ್ಯೇಕ ಕಟ್ಟಡದಲ್ಲಿ ಇರುವುದು ಅಪರೂಪ. ಜನ ವಾಸ ಮಾಡುವ ಹಳೇ ಕಟ್ಟಡದ ಒಂದೋ ಎರಡೋ ಮನೆಯನ್ನು ಹಾಸ್ಟೆಲ್ ಮಾಡಿರುತ್ತಾರೆ. ನದಿಯ ಈಚೆ, ಪೆಸ್ಟ್ ಕಡೆಯ ಈ ಮನೆಗಳು ಬಹುಪಾಲು ಒಂದೇ ಮಾದರಿ. ರಸ್ತೆಗೆ ಎತ್ತರದ ಮರದ ಬಾಗಿಲು. ತಳ್ಳಿಕೊಂಡು ಒಳಗೆ ಹೋದರೆ ತೆರೆದ ಅಂಗಳ, ಸುತ್ತಲೂ ಪ್ರತಿ ಮಹಡಿಗೆ ಕಬ್ಬಿಣದ ಕಟಕಟೆಯ ಓಣಿ. ಎಲ್ಲರ ಮನೆ ಬಾಗಿಲೂ ಆ ಓಣಿಗೇ ತೆರೆಯುತ್ತದೆ. ನಮ್ಮ ಹಳೇ ವಠಾರವನ್ನು ನಾಲ್ಕು ಮಹಡಿ ಎತ್ತರಕ್ಕೆ ಏರಿಸಿದ ಹಾಗೆ. ಎದುರು ಮನೆ ಅಜ್ಜಿ ಕಟಕಟೆಗೆ ಕಟ್ಟಿದ ಕುಂಡದ ಗಿಡಕ್ಕೆ ನೀರು ಹಾಕುತ್ತಾ ನೀವು ಯಾವಾಗ ಬಂದಿರಿ, ಎಷ್ಟು ಚೀಲ ತಂದಿರಿ ಎಲ್ಲ ನೋಡಿರುತ್ತಾರೆ. ಅಲ್ಲಿ ಪಿಸುಗುಟ್ಟಿದರೂ ಅಂಗಳದ ಆ ಬದಿಗೆ ಕೇಳುತ್ತದೆ. ಅದಕ್ಕೇ ರಾತ್ರಿ ಹತ್ತರ ಮೇಲೆ ಓಣಿಯಲ್ಲಿ ಮಾತಾಡಬೇಡಿ ಅಂತ ಬಾಗಿಲಿಗೇ ಚೀಟಿ ಅಂಟಿಸಿರುತ್ತಾರೆ. ನನಗೆ ಇಂಥ ಮನೆಗಳೇ ಇಷ್ಟ. ಅಕ್ಕಪಕ್ಕದವರ ಭಯ ಇರುವ ಹಾಸ್ಟೆಲ್ ತಾನಾಗೇ ಶಾಂತವಾಗಿರುತ್ತದೆ.

ಒಂದೇ ತಾಪತ್ರಯ ಅಂದರೆ ಒಳಗೆ ಹೋಗುವುದು. ಹೊರಗೆ ದೊಡ್ಡ ಬೋರ್ಡು ಇರುವುದಿಲ್ಲ. ಬಾಗಿಲ ಪಕ್ಕದ ಗುಂಡಿಗಳ ಸಾಲಿನಲ್ಲಿ ಹಾಸ್ಟೆಲ್ ಹೆಸರು ಚಿಕ್ಕದಾಗಿ ಬರೆದಿರುತ್ತದೆ, ಅದನ್ನು ಒತ್ತಬೇಕು. ಮಹಡಿ ಲೆಕ್ಕವೂ ವಿಚಿತ್ರ. ನೆಲಮಹಡಿ ಆದಮೇಲೆ ಕೆಲವು ಕಡೆ ‘ಅರ್ಧ ಮಹಡಿ’ ಅಂತ ಒಂದು ಬರುತ್ತದೆ, ಅದು ಮುಗಿದ ಮೇಲೆಯೇ ಒಂದನೇ ಮಹಡಿ. ಎರಡನೇ ಮಹಡಿ ಅಂತ ಬರೆದಿದ್ದರೆ ಮೂರು ಹತ್ತಲು ತಯಾರಿರಿ, ಲಿಫ್ಟ್ ಇದ್ದರೆ ಪುಣ್ಯ. ರಾತ್ರಿ ಹೊತ್ತು ತಲುಪುವುದಾದರೆ ರಿಸೆಪ್ಷನ್ ಎಷ್ಟು ಗಂಟೆವರೆಗೆ ಅಂತ ಮೊದಲೇ ಕೇಳಿ. ಸಣ್ಣ ಹಾಸ್ಟೆಲ್‌ಗಳಲ್ಲಿ ಇಪ್ಪತ್ತನಾಲ್ಕು ಗಂಟೆ ಆಳು ಇರುವುದಿಲ್ಲ, ಬಾಗಿಲಿನ ಕೋಡ್ ಕಳಿಸುತ್ತಾರೆ.

ಚೆಕ್ ಇನ್ ಮಾಡುವಾಗ ಪಾಸ್‌ಪೋರ್ಟ್ ತೆಗೆದುಕೊಂಡು ಸ್ಕ್ಯಾನ್ ಮಾಡುತ್ತಾರೆ. ಗಾಬರಿಯಾಗಬೇಡಿ. 2021ರ ಸೆಪ್ಟೆಂಬರ್‌ನಿಂದ ಹಂಗೇರಿಯಲ್ಲಿ ಇದು ಕಾನೂನು, ಐದು ನಕ್ಷತ್ರದ ಹೋಟೆಲ್ ಆದರೂ ಇದೇ. ಸ್ಕ್ಯಾನ್ ಆದ ಕೂಡಲೇ ವಾಪಸ್ ಕೊಡಬೇಕು, ಇಟ್ಟುಕೊಳ್ಳುತ್ತೇವೆ ಅಂದರೆ ಒಪ್ಪಬೇಡಿ. ಇದರ ಜೊತೆ ಪ್ರವಾಸಿ ತೆರಿಗೆ ಅಂತ ಬಾಡಿಗೆಯ ಮೇಲೆ ಶೇಕಡಾ 4ರಷ್ಟು ಇರುತ್ತದೆ. ಬುಕಿಂಗ್ ದರದಲ್ಲಿ ಸೇರಿಲ್ಲದಿದ್ದರೆ ಅಲ್ಲೇ ಕೇಳುತ್ತಾರೆ. ಅದು ಮೋಸ ಅಲ್ಲ.

ಇನ್ನು ಸುರಕ್ಷತೆ. ನೀವು ಗಂಡೋ ಹೆಣ್ಣೋ ಬರೆದಿಲ್ಲ. ಹೆಣ್ಣುಮಗಳಾದರೆ ಹೆಂಗಸರಿಗೆ ಮಾತ್ರದ ಡಾರ್ಮ್ ಹಲವು ಕಡೆ ಇದೆ, ಎರಡು ಮೂರು ಯೂರೋ ಜಾಸ್ತಿಯಾದರೂ ಮೊದಲ ಸಲಕ್ಕೆ ಅದೇ ವಾಸಿ. ಊರು ಒಟ್ಟಾರೆ ರಾತ್ರಿ ಓಡಾಡಲು ಕಷ್ಟದ್ದಲ್ಲ. ದೊಡ್ಡ ಬೊಲೆವಾರ್ಡ್ ಮೇಲೆ 6ನೇ ನಂಬರ್ ಟ್ರಾಮ್ ರಾತ್ರಿಯಿಡೀ ಓಡುತ್ತದೆ, ಜನ ಇರುತ್ತಾರೆ. ಡಾರ್ಮ್ ಒಳಗೆ ಲಾಕರ್ ಇರುತ್ತದೆ, ಬೀಗ ಹೆಚ್ಚಾಗಿ ನಮ್ಮದೇ ಆಗಬೇಕು. ಊರಿಂದಲೇ ಒಂದು ಸಣ್ಣ ಬೀಗ ತನ್ನಿ. ಕೊಂಡಿ ತೆಳ್ಳಗಿರಲಿ, ದಪ್ಪ ಕೊಂಡಿ ಲಾಕರ್‌ನ ತೂತಿಗೆ ಹೋಗುವುದಿಲ್ಲ. ಪಾಸ್‌ಪೋರ್ಟು, ಕಾರ್ಡು ಅದರಲ್ಲಿ. ಸ್ನಾನಕ್ಕೆ ಹೋಗುವಾಗ ಫೋನನ್ನು ಚಾರ್ಜಿಗೆ ಹಾಕಿ ಹಾಸಿಗೆ ಮೇಲೆ ಬಿಟ್ಟು ಹೋಗಬೇಡಿ. ಇಷ್ಟು ಸಾಕು.

ಹನ್ನೆರಡು ಜನರ ಕೋಣೆಗಿಂತ ನಾಲ್ಕೋ ಆರೋ ಜನರದ್ದು ತೆಗೆದುಕೊಳ್ಳಿ. ಕೆಳಗಿನ ಬರ್ತ್ ಬೇಕು ಅಂತ ಮೊದಲೇ ಮೆಸೇಜ್ ಹಾಕಿದರೆ ಕೊಡುತ್ತಾರೆ. ಹೋದ ಕೂಡಲೇ ಹಾಸಿಗೆಯ ಅಂಚಿನ ಹೊಲಿಗೆ ಎತ್ತಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಕಪ್ಪು ಚುಕ್ಕಿಗಳಿದ್ದರೆ ತಿಗಣೆ. ಚೀಲ ಹಾಸಿಗೆ ಮೇಲೆ ಇಡುವ ಮುಂಚೆಯೇ ಕೋಣೆ ಬದಲಿಸಿ ಅನ್ನಿ. ಕಿವಿಗೆ ಇಯರ್‌ಪ್ಲಗ್ ಬೇಕೇ ಬೇಕು, ಗೊರಕೆ ಹೊಡೆಯದ ದೇಶ ಭೂಮಿ ಮೇಲೆ ಇಲ್ಲ. ನೀವೂ ಒಂದು ಉಪಕಾರ ಮಾಡಿ: ಬೆಳಿಗ್ಗೆ ಬೇಗ ಹೊರಡುವುದಿದ್ದರೆ ರಾತ್ರಿಯೇ ಚೀಲ ಕಟ್ಟಿಡಿ. ಐದು ಗಂಟೆಗೆ ಕತ್ತಲಲ್ಲಿ ಪ್ಲಾಸ್ಟಿಕ್ ಕವರ್ ಬಿಚ್ಚುವ ಸದ್ದಿಗೆ ಇಡೀ ಕೋಣೆ ಮನಸ್ಸಿನಲ್ಲೇ ಶಾಪ ಹಾಕುತ್ತದೆ.

ಬಾತ್‌ರೂಮ್ ವಿಷಯ ಸಂಕೋಚ ಬಿಟ್ಟು ಹೇಳುತ್ತೇನೆ. ಟಾಯ್ಲೆಟ್‌ನಲ್ಲಿ ನೀರಿನ ಪೈಪ್ ಇರುವುದಿಲ್ಲ, ಕಾಗದ ಮಾತ್ರ. ಮಗ್ ಕೂಡ ಇರುವುದಿಲ್ಲ. ಹಳೇ ಮನೆಗಳಲ್ಲಿ ಟಾಯ್ಲೆಟ್ ಬೇರೆ, ಸ್ನಾನದ ಕೋಣೆ ಬೇರೆ. ಟಾಯ್ಲೆಟ್ ಒಳಗೆ ನಲ್ಲಿಯೇ ಇಲ್ಲದ್ದೂ ಉಂಟು. ಅರ್ಧ ಲೀಟರ್ ಬಾಟಲಿಗೆ ಮೊದಲೇ ನೀರು ತುಂಬಿಕೊಂಡು ಹೋಗಿ. ನೆಲದಲ್ಲಿ ನೀರು ಹರಿದು ಹೋಗಲು ದಾರಿ ಇರುವುದಿಲ್ಲ, ಹಾಗಾಗಿ ಚೆಲ್ಲಬೇಡಿ. ಸ್ನಾನಕ್ಕೆ ಬೆಳಿಗ್ಗೆ ಎಂಟೂವರೆಯಿಂದ ಕ್ಯೂ. ನಮ್ಮ ಅಭ್ಯಾಸದಂತೆ ಆರೂವರೆಗೇ ಎದ್ದರೆ ಬಿಸಿನೀರೂ ನಿಮ್ಮದು, ಕೋಣೆಯೂ ನಿಮ್ಮದು. ಹವಾಯಿ ಚಪ್ಪಲಿ ಮರೆಯಬೇಡಿ. ತೆಳ್ಳಗಿನ ಟವಲ್ ಕೂಡ ತನ್ನಿ, ಹಾಸ್ಟೆಲ್‌ನಲ್ಲಿ ಅದಕ್ಕೆ ಬೇರೆ ದುಡ್ಡು. ಅದೇ ಟವಲ್ಲು, ಅದೇ ಚಪ್ಪಲಿ ಬಿಸಿನೀರಿನ ಬುಗ್ಗೆಯ ಸ್ನಾನಗೃಹಕ್ಕೂ ಆಗುತ್ತದೆ. 1913ರ ಸೆಚೆನಿ ಸ್ನಾನಗೃಹ ನೋಡಲು ಭರ್ಜರಿ, ದುಡ್ಡೂ ಭರ್ಜರಿ. ನನಗೆ ತುರ್ಕರ ಕಾಲದ ರುದಾಶ್ ಜಾಸ್ತಿ ಹಿಡಿಸಿತು.

ಊಟಕ್ಕೆ ಬರೋಣ. ಹಾಸ್ಟೆಲ್‌ನಲ್ಲಿ ಅಡುಗೆಮನೆ ಇದೆಯಾ ಅನ್ನುವುದು ಸಸ್ಯಾಹಾರಿಗೆ ಹಾಸಿಗೆಯಷ್ಟೇ ಮುಖ್ಯ. ಹೆಚ್ಚಾಗಿ ಇರುತ್ತದೆ. ಪಾತ್ರೆ, ಚಮಚ, ಒಲೆ, ಫ್ರಿಜ್. ಹೊರಟು ಹೋದವರು ಬಿಟ್ಟ ಉಪ್ಪು, ಎಣ್ಣೆ, ಅರ್ಧ ಪ್ಯಾಕೆಟ್ ಪಾಸ್ತಾ ಒಂದು ಶೆಲ್ಫ್‌ನಲ್ಲಿರುತ್ತವೆ. ಅವು ಎಲ್ಲರದ್ದೂ. ಹೆಸರು ಬರೆದ ಚೀಲ ಮಾತ್ರ ಮುಟ್ಟಬೇಡಿ. ಊರಿಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ತೆಳು ಅವಲಕ್ಕಿ ತಂದರೆ ಗೆದ್ದಂತೆ. ತುಪ್ಪ, ಪೇಡ ತರಬೇಡಿ. ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ಯುರೋಪಿಯನ್ ಒಕ್ಕೂಟದ ನಿಷೇಧ ಇದೆ, ಕಸ್ಟಮ್ಸ್‌ನಲ್ಲಿ ಕಂಡರೆ ಎತ್ತಿ ಬಿಸಾಡುತ್ತಾರೆ. ಮೊಸರು ಅಲ್ಲೇ ಬೇಕಾದಷ್ಟು. ಡಬ್ಬಿ ಮೇಲೆ ‘ನತೂರ್ ಯೋಗುರ್ತ್’ ಅಂತ ಇರುವುದು ಸಪ್ಪೆ ಮೊಸರು, ಮೊಸರನ್ನಕ್ಕೆ ಚೆನ್ನಾಗಿ ಹೊಂದುತ್ತದೆ. ‘ತೆಯ್‌ಫೊಲ್’ ಅಂದರೆ ಹುಳಿ ಕೆನೆ, ಮೊಸರು ಅಂದುಕೊಂಡು ಅದನ್ನು ತಂದು ಕಲಸಬೇಡಿ.

ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆರೆದು, ಒಲೆ ಸಣ್ಣಗೆ ಇಟ್ಟುಕೊಳ್ಳಿ. ಒಣಮೆಣಸಿನಕಾಯಿ ಒಂದಿಷ್ಟು ಹೆಚ್ಚು ಕರಿದರೆ ಸಾಕು, ಪಕ್ಕದಲ್ಲಿ ಪಾಸ್ತಾ ಬೇಯಿಸುತ್ತಿರುವವನು ಕೆಮ್ಮಲು ಶುರು ಮಾಡುತ್ತಾನೆ, ಆಮೇಲೆ ಹೊಗೆಯ ಅಲಾರಂ. ಮೆಣಸಿನಕಾಯಿ ಬಿಟ್ಟು ಸಾಸಿವೆ, ಕಡಲೆಬೇಳೆಯಷ್ಟೇ ಹಾಕಿದರೆ ಅದೇ ಹುಡುಗ ಬಾಣಲೆ ಕಡೆ ಬಗ್ಗಿ ‘ಏನದು?’ ಅಂತ ಕೇಳುತ್ತಾನೆ. ಒಬ್ಬರೇ ಹೋದವರಿಗೆ ಜೊತೆ ಸಿಗುವುದು ಹೀಗೇ. ಬಾರ್‌ಗೆ ಹೋಗಲೇಬೇಕು ಅಂತೇನಿಲ್ಲ.

ಹೊರಗೆ ತಿನ್ನುವುದಾದರೆ ಲಾಂಗೋಶ್ ಇದೆ. ಹುದುಗು ಬಂದ ಹಿಟ್ಟನ್ನು ಅಗಲಕ್ಕೆ ತಟ್ಟಿ ಎಣ್ಣೆಯಲ್ಲಿ ಕರಿದು, ಬೆಳ್ಳುಳ್ಳಿ ನೀರು ಸವರಿ, ಮೇಲೆ ಹುಳಿ ಕೆನೆ, ತುರಿದ ಚೀಸ್ ಹಾಕುತ್ತಾರೆ. ಒಂದು ತಿಂದರೆ ಮಧ್ಯಾಹ್ನ ಕಳೆಯಿತು. ಪ್ರವಾಸಿಗಳು ತುಂಬಿದ ದೊಡ್ಡ ಮಾರುಕಟ್ಟೆಯ ಮೇಲ್ಮಹಡಿಯಲ್ಲಿ ಇದಕ್ಕೆ ಬೆಲೆ ಜಾಸ್ತಿ, ಬೇರೆ ಬಡಾವಣೆಯ ಸಂತೆಕಟ್ಟೆಗಳಲ್ಲಿ ಕಡಿಮೆ. ‘ಫೊಜೆಲೇಕ್’ ಅಂತ ತರಕಾರಿಯ ಗಟ್ಟಿ ಗೊಜ್ಜಿನಂಥದ್ದು ಮಧ್ಯಾಹ್ನದ ಕ್ಯಾಂಟೀನುಗಳಲ್ಲಿ ಸಿಗುತ್ತದೆ: ಬಟಾಣಿ, ಪಾಲಕ್, ಆಲೂಗಡ್ಡೆ. ಮೇಲೆ ಮಾಂಸದ ತುಂಡು ಇಡುವುದು ವಾಡಿಕೆ, ಬೇಡ ಅನ್ನಿ. ಕಟ್ಟುನಿಟ್ಟಿನವರಾದರೆ ‘ಜೀರ್’ ಇದೆಯಾ ಅಂತ ಕೇಳಿ. ಅದು ಹಂದಿಯ ಕೊಬ್ಬು, ಅಲ್ಲಿನ ಹಳೇ ಅಡುಗೆಯಲ್ಲಿ ಎಣ್ಣೆಯ ಬದಲು ಅದೇ. ಹುರುಳಿಕಾಯಿ ಸೂಪು, ಕಾಳಿನ ಸೂಪು ಅಂತ ಹೆಸರು ನೋಡಿ ಹಿಗ್ಗಬೇಡಿ, ಒಳಗೆ ಮಾಂಸ ಇರುವುದೇ ಹೆಚ್ಚು. ನಲ್ಲಿ ನೀರು ಕುಡಿಯಲು ಚೆನ್ನಾಗಿದೆ. ಬಾಟಲಿ ಕೊಂಡರೆ ಗುಲಾಬಿ ಮುಚ್ಚಳದ್ದು ಮಾಮೂಲಿ ನೀರು, ನೀಲಿ ಮುಚ್ಚಳದ್ದು ಸೋಡಾ.

ದುಡ್ಡಿನ ಬಗ್ಗೆ ಸ್ವಲ್ಪ. ಹಂಗೇರಿ ಒಕ್ಕೂಟದಲ್ಲಿದ್ದರೂ ಯೂರೋ ನಡೆಯುವ ದೇಶ ಅಲ್ಲ, ಅಲ್ಲಿ ಫೋರಿಂಟ್. ಕಾರ್ಡ್ ಎಲ್ಲ ಕಡೆ ನಡೆಯುತ್ತದೆ. ಎಟಿಎಂ ಅಥವಾ ಕಾರ್ಡ್ ಮೆಷಿನ್ ‘ನಿಮ್ಮ ದೇಶದ ಕರೆನ್ಸಿಯಲ್ಲಿ ಕಡಿತ ಮಾಡಲಾ?’ ಅಂತ ಕೇಳಿದರೆ ಬೇಡ ಅಂತ ಒತ್ತಿ, ಫೋರಿಂಟ್ ಆರಿಸಿ. ಇಲ್ಲದಿದ್ದರೆ ಸುಮ್ನೆ ಕೈಕಚ್ಚುತ್ತದೆ. ಪ್ರವಾಸಿಗಳ ಬೀದಿಯಲ್ಲಿ ಒಂಟಿಯಾಗಿ ನಿಂತ ಮೆಷಿನ್‌ಗಳನ್ನು ಬಿಟ್ಟು ಬ್ಯಾಂಕಿನ ಗೋಡೆಯಲ್ಲಿರುವ ಎಟಿಎಂ ಹುಡುಕಿ.

ವೀಸಾ ಇನ್ನೂ ಆಗಿಲ್ಲ ಅಂತ ಕೊನೆಗೆ ಬರೆದಿದ್ದೀರಿ. ಹಂಗೇರಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗುವ ಷೆಂಗೆನ್ ವೀಸಾಗೆ ಉಳಿಯುವ ಜಾಗದ ಪುರಾವೆಯಾಗಿ ಹಾಸ್ಟೆಲ್ ಬುಕಿಂಗ್ ಕೊಡಬಹುದು. ಅದರಲ್ಲಿ ನಿಮ್ಮ ಪೂರ್ತಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆ ಇರಲಿ, ನಾಲ್ಕೂ ರಾತ್ರಿಯ ತಾರೀಖು ಕಾಣಲಿ. ಪುಕ್ಕಟೆ ರದ್ದು ಮಾಡಬಹುದಾದದ್ದನ್ನೇ ಆರಿಸಿ. ಪ್ರಯಾಣದ ವಿಮೆ ಕನಿಷ್ಠ 30,000 ಯೂರೋದ್ದು ಬೇಕು.

ಏರ್‌ಪೋರ್ಟ್‌ನಿಂದ 100ಇ ಬಸ್ ನೇರ ಊರ ನಡುವಿನ ದೆಯಾಕ್ ಚೌಕಕ್ಕೆ ಬಿಡುತ್ತದೆ. ಅದಕ್ಕೆ ಬೇರೆಯೇ ಟಿಕೆಟ್, ಊರೊಳಗಿನ ದಿನದ ಪಾಸು ಅದರಲ್ಲಿ ನಡೆಯುವುದಿಲ್ಲ. ದುಡ್ಡು ಉಳಿಸಬೇಕಾದರೆ 200ಇ ಹತ್ತಿ ಮೂರನೇ ನಂಬರ್ ಮೆಟ್ರೋ ಮಾರ್ಗಕ್ಕೆ ಬದಲಿಸಿ, ಪಾಸು ಸಾಕು. ಚೀಲ ಜಾಸ್ತಿ ಇದ್ದರೆ 100ಇ ವಾಸಿ. ಕಾಲ್ವಿನ್ ಚೌಕದಲ್ಲೂ ಅದು ನಿಲ್ಲುತ್ತದೆ.